ಎಲೆ ಹಿಡಿದು ಬಾರದವನು

ಆಫ್ರಿಕಾದ ಅತಿ ಎತ್ತರದ ಬೆಟ್ಟದ ಬುಡದ ಮರಾಂಗು ಗೇಟಿನಲ್ಲಿ ಪೋರ್ಟರುಗಳು ಮೂಟೆ ತೂಗಿಸುವ ಗಲಾಟೆಯ ನಡುವೆ ಐಕಾಂದೆ ಪರ್ಮಿಟ್ ಹಾಳೆಯನ್ನು ಮೂರು ಸಲ ಓದಿದಳು. ಮೂರು ಸಲವೂ ಅಲ್ಲಿ ಅದೇ ಹೆಸರಿತ್ತು. ಮುಖ್ಯ ಗೈಡ್: ರುವೈಚಿ.

"ಮ್ಲಾಯಿ ಅಣ್ಣ ಎಲ್ಲಿ?" ಎಂದು ಚಾರಣ ಕಂಪನಿಯ ಗುಮಾಸ್ತನನ್ನು ಕೇಳಿದಳು.

"ಮಂಡಿ ಊದ್ಕೊಂಡಿದೆ, ಎದ್ದು ನಿಲ್ಲೋಕೂ ಆಗ್ತಿಲ್ಲ. ಅದಕ್ಕೇ ರುವೈಚಿನ ಹಾಕಿದೀವಿ. ಯಾಕೆ, ಆಗಲ್ವಾ?"

"ಆಗದೇ ಏನು. ಬೆಟ್ಟ ಏನು ಅವನಪ್ಪಂದಾ?"

"ಅಲ್ಲ," ಎಂದಿತು ಹಿಂದಿನಿಂದ ಒಂದು ದನಿ. "ನಮ್ಮಪ್ಪಂಗೆ ಇರೋದು ಅರ್ಧ ಎಕರೆ ಕಾಫಿ ತೋಟ, ನಾಲ್ಕು ಬಾಳೆಗಿಡ. ಬೆಟ್ಟ ಇಲ್ಲ."

ಅವಳು ತಿರುಗಿ ನೋಡಲಿಲ್ಲ. ಎರಡು ವರ್ಷದಿಂದ ಸಂತೆಯಲ್ಲಿ, ಚರ್ಚಿನಲ್ಲಿ, ಬಸ್ ಸ್ಟಾಪಿನಲ್ಲಿ ಆ ದನಿ ಕೇಳಿಸಿದ ಕಡೆಯಿಂದೆಲ್ಲ ಮುಖ ತಿರುಗಿಸಿ ಅಭ್ಯಾಸವಾಗಿತ್ತು. ಆದರೆ ಕಿವಿಗೆ ಅಭ್ಯಾಸವಾಗಿರಲಿಲ್ಲ. ಎರಡೂ ಕಿವಿ ಬಿಸಿಯಾದವು. ಅವಳಿಗೆ ತನ್ನ ಕಿವಿಗಳ ಮೇಲೇ ಸಿಟ್ಟು ಬಂತು.

"ಕಂಪನಿಯವರು ಹೇಳಿದಾರೆ," ಎಂದು ಅವನು ಎದುರಿಗೆ ಬಂದು ನಿಂತ. "ಕಿಬೋ ಹಟ್‌ನಿಂದ ಮೇಲಕ್ಕೆ ನೀವೇ ಲೀಡರ್. ನಾನು ಹಿಂದೆ ನಡೀತೀನಿ, ಬಾಯಿ ಹಾಕಲ್ಲ. ಈ ಸಲ ಹತ್ತೋ ಟೀಚರಮ್ಮನ್ನ ತುದಿ ಮುಟ್ಟಿಸಿ, ಹುಷಾರಾಗಿ ಇಳಿಸಿದ್ರೆ ಮುಂದಿನ ಸೀಸನ್‌ನಿಂದ ನೀವೂ ಮುಖ್ಯ ಗೈಡ್. ನಾನು ರಿಪೋರ್ಟ್ ಬರೀಬೇಕು, ಅಷ್ಟೆ."

'ನೀವು' ಅಂತೆ! ದಾರಿಯ ಮೊದಲ ತಂಗುದಾಣ ಮಾಂದಾರಾ ಹಟ್‌ನ ಅಡುಗೆ ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಗಾಲಿ ಮುದ್ದೆ ಮುರಿದು ತಿಂದವನು ಈಗ ಬಹುವಚನದಲ್ಲಿ ಮಾತಾಡುತ್ತಿದ್ದಾನೆ.

"ನಿಮಗೆ ರಿಪೋರ್ಟ್ ಬರೆಯೋದು ಚೆನ್ನಾಗಿ ಬರುತ್ತೆ ಅಂತ ಇಡೀ ಊರಿಗೇ ಗೊತ್ತು," ಎಂದಳು ಐಕಾಂದೆ. ಹೇಳಿ ಸೀದಾ ಮೂಟೆಗಳ ಕಡೆ ನಡೆದಳು.

ಇಷ್ಟು ಸಿಟ್ಟು ಯಾಕೆ ಅಂದರೆ, ಕಾರಣ ಸಣ್ಣದಲ್ಲ. ಎರಡು ವರ್ಷದ ಹಿಂದೆ ಅವಳು ಹೊಸದಾಗಿ ಸಹಾಯಕ ಗೈಡ್ ಆಗಿ ಹತ್ತಿದ್ದಳು. ಮುಖ್ಯ ಗೈಡ್ ಇವನೇ. ಕಡಿದಾದ ಜಲ್ಲಿ ಇಳಿಜಾರನ್ನೆಲ್ಲ ದಾಟಿ ಗಿಲ್ಮನ್ ಪಾಯಿಂಟಿಗೆ, ಅಂದರೆ ಜ್ವಾಲಾಮುಖಿಯ ಬಾಯಂಚಿಗೆ ಬಂದು ನಿಂತಿದ್ದಳು. ಅಲ್ಲಿಂದ ತುದಿಗೆ ಇನ್ನು ಇನ್ನೂರು ಮೀಟರ್ ಎತ್ತರ. ಅಷ್ಟರಲ್ಲಿ ಮೂರು ಸಲ ಕೆಮ್ಮಿದಳು. "ನೀನು ಕೆಳಗಿಳಿ," ಎಂದುಬಿಟ್ಟ ರುವೈಚಿ, ಎಲ್ಲರ ಎದುರಿಗೆ. ಏನೂ ಆಗಿಲ್ಲ ಎಂದು ಅವಳು ಹೇಳಿದ್ದನ್ನು ಕೇಳಲಿಲ್ಲ. ಕೈಮುಗಿದದ್ದನ್ನೂ ನೋಡಲಿಲ್ಲ. ಜೊತೆಗೊಬ್ಬನನ್ನು ಕೊಟ್ಟು ಇಳಿಸಿಬಿಟ್ಟ, ರಿಪೋರ್ಟಿನಲ್ಲೂ ಹಾಗೇ ಬರೆದ. ಹೊರೊಂಬೋ ಹಟ್ ತಲುಪುವ ಹೊತ್ತಿಗೆ ಕೆಮ್ಮು ಎಲ್ಲಿತ್ತೋ ಏನೋ. ಒಣ ಗಾಳಿ, ಅಷ್ಟೆ ಎಂದರು ಮೋಶಿ ಪಟ್ಟಣದ ಡಾಕ್ಟರು.

ಊರಲ್ಲಿ ಮಾತ್ರ ಕಥೆ ಬೇರೆಯೇ ಆಯಿತು. ಹುಡುಗಿಯನ್ನ ಬೆಟ್ಟ ವಾಪಸ್ ಕಳಿಸ್ತಂತೆ! ಆಮೇಲೆ ಏಳು ಸಲ ಅವಳು ಅದೇ ಬಾಯಂಚಿನವರೆಗೆ ಹೋದಳು. ಏಳು ಸಲವೂ ಯಾರಿಗೋ ತಲೆ ಸುತ್ತು, ಯಾರಿಗೋ ವಾಂತಿ. ಕಾಯಿಲೆಯವರನ್ನು ಇಳಿಸುವುದು ಸಹಾಯಕರ ಕೆಲಸ. ಬೆಟ್ಟದ ಬುಡದಲ್ಲೇ ಹುಟ್ಟಿದ ಇಪ್ಪತ್ತೆಂಟರ ಹೆಣ್ಣು, ತುದಿಯನ್ನು ಬೇರೆಯವರ ಫೋಟೋಗಳಲ್ಲಷ್ಟೇ ನೋಡಿದ್ದಳು.

ಇನ್ನೊಂದು ವಿಷಯ ಇತ್ತು. ಆ ತಿಂಗಳು ಅವನು ತನ್ನ ದೊಡ್ಡಪ್ಪನನ್ನು ಕರೆದುಕೊಂಡು ಅವಳ ಅಪ್ಪನ ಮನೆಗೆ ಹೆಣ್ಣು ಕೇಳಲು ಬರುವುದಿತ್ತು. ಅದು ಅಲ್ಲಿಗೇ ನಿಂತಿತು.

ಅವಳು ಕಾದದ್ದು ಒಂದೇ ಒಂದಕ್ಕೆ. ಚಗ್ಗಾ ಜನರ, ಅಂದರೆ ಅವಳ ಊರವರ, ಮನೆಗಳಿಗೆ ಇಸಾಲೆ ಗಿಡದ ಬೇಲಿ ಇರುತ್ತದೆ. ತಪ್ಪು ಮಾಡಿದವನು ಆ ಉದ್ದನೆಯ ಎಲೆಯೊಂದನ್ನು ಕಿತ್ತು, ಗಂಟು ಹಾಕಿ, ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರೆ ಮುಗಿಯಿತು. ಆಮೇಲೆ ಕ್ಷಮಿಸಲೇಬೇಕು. ಹೊಲದ ಗಡಿಗೆ ಕತ್ತಿ ಹಿರಿದವರೂ ಆ ಎಲೆಯ ಮುಂದೆ ತಣ್ಣಗಾಗಿದ್ದಾರೆ. ಇಲ್ಲ ಎಂದವರ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ನಂಬಿಕೆ.

ಎಲೆ ಕೀಳುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ಒಂದು ಮಳೆಗಾಲ ಕಾದಳು. ಕಾಫಿ ಕೊಯ್ಲು ಮುಗಿಯಿತು. ಇನ್ನೊಂದು ಮಳೆಗಾಲವೂ ಬಂತು. ಅವನು ಬರಲಿಲ್ಲ. "ಸೊಕ್ಕು ಕಣೇ," ಎಂದಳು ಅಮ್ಮ. ಮಗಳೂ ಹಾಗೆಂದೇ ತಿಳಿದುಕೊಂಡಳು.

---

ಈ ಸಲ ಹತ್ತಬೇಕಾದವರು ಒಬ್ಬರೇ, ಎಲಿಶಿಲಿಯಾ ಟೀಚರ್. ಅರವತ್ತು ವರ್ಷ, ರಿಟೈರ್ ಆಗಿ ಆರು ತಿಂಗಳು. ಐಕಾಂದೆಗೂ ರುವೈಚಿಗೂ ಎರಡನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿಸಿದವರು ಅವರೇ.

"ಬೋರ್ಡಿನ ಮೇಲೆ ಈ ಬೆಟ್ಟ ಸಾವಿರ ಸಲ ಬರೆದಿದೀನಿ," ಎಂದರು ಮೊದಲ ದಿನವೇ, ಕಾಡಿನ ದಾರಿಯಲ್ಲಿ. "ತುದೀಲಿ ಏನಿದೆ ಟೀಚರ್ ಅಂತ ಮಕ್ಕಳು ಕೇಳಿದ್ರೆ ಹಿಮ ಇದೆ ಅಂತಿದ್ದೆ. ಸುಳ್ಳೋ ನಿಜವೋ ಒಂದ್ಸಲ ನೋಡ್ಬೇಕಲ್ಲ."

ಸಂಜೆ ಮಾಂದಾರಾದಲ್ಲಿ ಬಾಳೆಕಾಯಿ ಸೂಪು ಕುಡಿಯುತ್ತ ಅವರು ಇಬ್ಬರನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು.

"ಇವನು ಇವಳ ಪುಸ್ತಕ ನೋಡಿಯೇ ಬರೀತಿದ್ದ. ಇವಳು ತಪ್ಪು ಬರೆದ್ರೆ ಆ ತಪ್ಪನ್ನೂ ಬಿಡ್ತಿರ್ಲಿಲ್ಲ. ಈಗೇನ್ರೋ, ಉಪ್ಪು ಬೇಕಾದ್ರೂ ನನ್ನ ಕೈಲಿ ಕೇಳಿಸ್ತೀರಾ?"

"ಅವರು ಲೀಡರ್ ಟೀಚರ್. ಸುಮ್ಮಸುಮ್ಮನೆ ಮಾತಾಡಿಸೋಕಾಗುತ್ತಾ?" ಎಂದ ರುವೈಚಿ, ನಗದೆ.

"ಲೀಡರ್ ಆಗೋದು ಕಿಬೋ ಹಟ್‌ನಿಂದ," ಎಂದಳು ಐಕಾಂದೆ. "ಅಲ್ಲಿವರೆಗೆ ನನ್ನ ಹೆಸರು ಐಕಾಂದೆ. ಮರೆತಿದ್ರೆ ಪರ್ಮಿಟ್‌ನಲ್ಲಿ ಬರೆದಿದೆ."

"ಮರೆತಿಲ್ಲ," ಎಂದ ಅವನು. ಎಷ್ಟು ಮೆಲ್ಲಗೆ ಅಂದನೆಂದರೆ ಅವಳು ಸೂಪಿನ ಬಟ್ಟಲಿಗೆ ಮುಖ ಹಾಕಬೇಕಾಯಿತು.

ಮಾರನೆಯ ದಿನ ಹೊರೊಂಬೋದಲ್ಲಿ ಅವಳು ಬೂಟಿನ ದಾರ ಕಟ್ಟುತ್ತಿದ್ದಾಗ ಅವನು ನೋಡುತ್ತ ನಿಂತಿದ್ದ. ಅವಳು ತಲೆ ಎತ್ತದೆಯೇ ಕೇಳಿದಳು.

"ಏನು?"

"ಗಂಟು ಸಡಿಲ ಇದೆ. ಇಳಿಯುವಾಗ ಬಿಚ್ಚುತ್ತೆ."

"ರಿಪೋರ್ಟಲ್ಲಿ ಬರೀರಿ."

ಅವನು ಹೋದ ಮೇಲೆ ಅವಳು ಗಂಟು ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡಳು. ತಲೆ ಎತ್ತಿದರೆ ಅವನು ಅಡುಗೆ ಮನೆಯ ಬಾಗಿಲಲ್ಲೇ ನಿಂತಿದ್ದ, ಚಹಾ ಲೋಟದ ಹಿಂದೆ ನಗು ಬಚ್ಚಿಟ್ಟುಕೊಂಡು. ಅವಳಿಗೂ ನಗು ಬಂತು. ಕಷ್ಟಪಟ್ಟು ಅದನ್ನು ಕೆಮ್ಮಾಗಿಸಿದಳು. ತಕ್ಷಣ ಅವನ ಮುಖ ಬಿಳುಚಿಕೊಂಡಿತು. ಅದು ಯಾಕೆ ಎಂದು ಅವಳಿಗೆ ಆಗ ತಿಳಿಯಲಿಲ್ಲ.

---

ಕಡೆಯ ತಂಗುದಾಣವಾದ ಕಿಬೋ ಹಟ್‌ನಿಂದ ಎಲ್ಲರೂ ನಡುರಾತ್ರಿಗೇ ಹೊರಡುತ್ತಾರೆ. ಕತ್ತಲಲ್ಲಿ ಹತ್ತಿ ತುದಿಯಲ್ಲಿ ಸೂರ್ಯೋದಯ ನೋಡುವುದು ವಾಡಿಕೆ. ಟೀಚರಮ್ಮ ಒಪ್ಪಲಿಲ್ಲ.

"ಕತ್ತಲಲ್ಲಿ ಮುಂದಿನವನ ಬೂಟು ನೋಡೋಕೆ ಇಷ್ಟು ದೂರ ಬಂದ್ನಾ? ನನಗೆ ದಾರಿ ಕಾಣಬೇಕು."

ಐಕಾಂದೆ ಆಕಾಶ ನೋಡಿದಳು, ಗಾಳಿಯ ದಿಕ್ಕು ನೋಡಿದಳು. ಬಿಸಿಲೇರಿದರೆ ಜಲ್ಲಿ ಸಡಿಲವಾಗಿ ಕಾಲು ಜಾರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ. ಆದರೆ ರಾತ್ರಿಯ ಚಳಿಗೆ ಈ ವಯಸ್ಸಿನವರ ಕೈಕಾಲು ಮರಗಟ್ಟಿದರೆ ಅರ್ಧದಲ್ಲೇ ಮುಗಿಯಿತು.

"ಬೆಳಗ್ಗೆ ಐದಕ್ಕೆ ಹೊರಡೋಣ," ಎಂದಳು. "ಮಧ್ಯಾಹ್ನ ಒಂದು ಗಂಟೆಯೊಳಗೆ ತುದಿ. ಆಗಲಿಲ್ಲ ಅಂದ್ರೆ ಎಲ್ಲಿದೀವೋ ಅಲ್ಲಿಂದ ವಾಪಸ್."

ರುವೈಚಿಯ ಹುಬ್ಬು ಮೇಲೇರಿತು. ಅವಳು ಜಗಳಕ್ಕೆ ಸಿದ್ಧಳಾದಳು. "ಲೀಡರ್ ಹೇಳಿದ ಹಾಗೆ," ಎಂದು ಅವನು ಮಲಗಲು ಹೋದ.

ಬೆಳಕು ಹರಿದಾಗ ಅವರು ಜಲ್ಲಿಯ ಮೇಲಿದ್ದರು. ಮಾವೆಂಜಿ ಶಿಖರದ ಹಿಂದಿನಿಂದ ಸೂರ್ಯ ಬಂದು ಇಡೀ ಇಳಿಜಾರು ಕೆಂಪಾಯಿತು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಜಾರಿ ಕೆಳಗೆ. ಐಕಾಂದೆ ಅಡ್ಡಡ್ಡಕ್ಕೆ ದಾರಿ ಹಿಡಿದಳು, ತುಂಬ ನಿಧಾನ. ಟೀಚರಮ್ಮ ಉಸಿರಿದ್ದಾಗ ಬೆಟ್ಟವನ್ನು ಬೈದರು. ಉಸಿರಿಲ್ಲದಾಗ ಕೈಸನ್ನೆಯಲ್ಲಿ ಬೈದರು.

ರಾತ್ರಿ ಹೊರಟವರು ಆಗಲೇ ಇಳಿಯುತ್ತಿದ್ದರು. ಒಬ್ಬ ಗೈಡ್ ಐಕಾಂದೆಯನ್ನು ಕಂಡು ನಿಂತ.

"ಏನಕ್ಕ, ಇವತ್ತು ಎಲ್ಲಿಂದ ವಾಪಸ್?"

ಅವನ ಹಿಂದಿದ್ದವರು ನಕ್ಕರು. ಉತ್ತರ ಬಂದದ್ದು ಹಿಂದಿನಿಂದ.

"ತುದಿಯಿಂದ ಕಣಯ್ಯಾ," ಎಂದ ರುವೈಚಿ. "ಲೀಡರ್ ಹೋಗ್ಬೇಕು, ದಾರಿ ಬಿಡು."

ಆ ಗೈಡ್ ಪಕ್ಕಕ್ಕೆ ಸರಿದ. ಬಾಯಿ ಹಾಕಲ್ಲ ಅಂದಿದ್ದೆಯಲ್ಲ ಎಂದು ಕೇಳಬೇಕೆಂದುಕೊಂಡಳು. ಕೇಳಲಿಲ್ಲ.

---

ಹತ್ತೂಮುಕ್ಕಾಲಿಗೆ ಗಿಲ್ಮನ್ ಪಾಯಿಂಟ್. ಟೀಚರಮ್ಮ ಒಂದು ಬಂಡೆಗೆ ಒರಗಿ ಕೂತರು. ಐಕಾಂದೆ ಫ್ಲಾಸ್ಕಿನಿಂದ ಶುಂಠಿ ಚಹಾ ಬಗ್ಗಿಸಿ ಅವರ ಕೈಗಿಟ್ಟಳು, ಕಣ್ಣು ನೋಡಿದಳು, ಬೆರಳಿಗೆ ಆಮ್ಲಜನಕದ ಮೀಟರ್ ಹಾಕಿ ನೋಡಿದಳು. ಪರವಾಗಿಲ್ಲ, ಹತ್ತಬಹುದು.

ಆಮೇಲೆ ಕೆಮ್ಮಿದಳು. ಒಂದು, ಎರಡು, ಮೂರು.

ಅದೇ ಜಾಗ. ಅದೇ ಬಂಡೆ ಕೂಡ ಇರಬೇಕು. ಅವಳು ತಿರುಗಿದಳು. ರುವೈಚಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮುಖದಲ್ಲಿ ಬಣ್ಣವಿರಲಿಲ್ಲ. ಬಾಯಿ ತೆರೆದ, ಮುಚ್ಚಿದ, ಬೇರೆ ಕಡೆ ನೋಡಿದ.

"ಹೇಳಿ," ಎಂದಳು ಐಕಾಂದೆ. "ಕೆಳಗಿಳಿ ಅಂತ ಹೇಳಿ. ಬಾಯಲ್ಲೇ ಇದೆಯಲ್ಲ."

"ಇವತ್ತು ಲೀಡರ್ ನೀವು. ನಿಮ್ಮ ಕೆಮ್ಮು ನಿಮಗೆ ಗೊತ್ತು."

"ಅವತ್ತು ಗೊತ್ತಿರ್ಲಿಲ್ವಾ ನನಗೆ?"

ಅವಳು ಒಂದು ಗಳಿಗೆ ಯೋಚಿಸಿದಳು. ಹಟ ಬೇರೆ, ಕೆಲಸ ಬೇರೆ. ಈ ಎತ್ತರದ ಕೆಮ್ಮಿಗೆ ಎದೆಯಲ್ಲಿ ನೀರು ಕೂತದ್ದೇ ಕಾರಣವಾಗಿದ್ದರೆ ಹಟದಿಂದ ಏನೂ ಆಗುವುದಿಲ್ಲ. ಅವಳ ಹಿಂದೆ ಬರಬೇಕಾದವರು ಅರವತ್ತರ ಹೆಂಗಸು.

"ಬಾ ಇಲ್ಲಿ," ಎಂದಳು. ಜಾಕೆಟ್ ತೆಗೆದು ಬೆನ್ನು ತಿರುಗಿಸಿ ನಿಂತಳು. "ಯಾತ್ರಿಕರಿಗೆ ನೋಡ್ತೀಯಲ್ಲ, ಹಾಗೆ ನೋಡು. ಕಿವಿ ಇಡು."

"ಐಕಾಂದೆ..."

"ಬೇಗ. ಚಳಿ ಆಗ್ತಿದೆ."

ಸ್ವೆಟರಿನ ಮೇಲೆ, ಬೆನ್ನಿನ ಎಡಕ್ಕೆ, ಅವನ ಕಿವಿ ತಾಗಿತು. ಅವಳು ಉಸಿರು ಎಳೆದಳು, ಬಿಟ್ಟಳು. ಬಲಕ್ಕೆ ತಾಗಿತು. ಮತ್ತೆ ಎಳೆದಳು, ಬಿಟ್ಟಳು. ಅವನ ಉಸಿರಿನ ಬಿಸಿ ಉಣ್ಣೆಯ ಒಳಗೆ ಇಳಿಯುತ್ತಿತ್ತು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಅವನು ಹಾಗೇ ಇದ್ದ. ಅವಳೂ ಸಾಕು ಎನ್ನಲಿಲ್ಲ.

"ಗೊರಗೊರ ಏನಿಲ್ಲ," ಎಂದ ಕೊನೆಗೆ. "ಉಸಿರು ಸ್ವಚ್ಛ ಇದೆ. ಎದೆ ಮಾತ್ರ ಓಡ್ತಿದೆ."

"ಇಷ್ಟು ಎತ್ತರದಲ್ಲಿ ಎಲ್ಲರ ಎದೆಯೂ ಓಡುತ್ತೆ."

"ನಂದೂ ಓಡ್ತಿದೆ."

ಅವಳು ಜಾಕೆಟ್ ಹಾಕಿಕೊಂಡು ತಿರುಗಿದಳು. "ಇಷ್ಟೇ ಕೆಲಸ. ಅರ್ಧ ನಿಮಿಷ. ಅವತ್ತು ಯಾಕೆ ಕಿವಿ ಇಡಲಿಲ್ಲ ನೀನು?"

ಅವನು ಕೋಲಿನ ತುದಿ ನೋಡುತ್ತ ನಿಂತ.

"ನಾಚಿಕೆ ಆಯ್ತು."

"ಏನು?"

"ಹನ್ನೆರಡು ಜನ ನೋಡ್ತಿದ್ರು. ಬೇರೆ ಯಾರೇ ಆಗಿದ್ರೂ ಬೆನ್ನಿಗೆ ಕಿವಿ ಇಡ್ತಿದ್ದೆ. ನಿನ್ನ ಹತ್ರ ಆಗ್ಲಿಲ್ಲ. ನಮ್ಮ ವಿಷಯ ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅನ್ನಿಸ್ತು. ಕೇಳಿಸ್ಕೊಳ್ಳದೇ ಬಿಟ್ಟೆ. ಬಿಟ್ಟ ಮೇಲೆ ಹೆದರಿಕೆ ಶುರುವಾಯ್ತು. ನಿಜವಾಗ್ಲೂ ಏನಾದ್ರೂ ಆಗಿದ್ರೆ? ಅದಕ್ಕೇ ಇಳಿ ಅಂದೆ. ತಪ್ಪು ನಂದೇ. ನಿನ್ನ ತುದಿ ನಾನು ಕಿತ್ಕೊಂಡೆ."

ಎರಡು ವರ್ಷ ಅವಳು ಇದಕ್ಕೆ ಏನೇನೋ ಕಾರಣ ಕಟ್ಟಿಕೊಂಡಿದ್ದಳು. ಹೆಣ್ಣೆಂಬ ತಾತ್ಸಾರ, ದೊಡ್ಡ ಗೈಡೆಂಬ ಜಂಬ, ಹೊಟ್ಟೆಕಿಚ್ಚು. ನಾಚಿಕೆ ಎಂಬುದು ಆ ಪಟ್ಟಿಯಲ್ಲೇ ಇರಲಿಲ್ಲ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ? ಒಂದು ಎಲೆ ಹಿಡ್ಕೊಂಡು ಬಂದಿದ್ರೆ ಅವತ್ತೇ ಮುಗೀತಿತ್ತಲ್ಲ. ನಾನು ಬಾಗಿಲಿಗೇ ಬಂದು ಬಂದು ನೋಡ್ತಿದ್ದೆ ಕಣೋ!"

"ಮೂರು ಸಲ ಕಿತ್ತೆ," ಎಂದ ಅವನು. "ನಿಮ್ಮ ಬೇಲಿವರೆಗೂ ಬಂದಿದ್ದೆ. ಆಮೇಲೆ ಅನ್ನಿಸ್ತು, ಎಲೆ ನೋಡಿದ್ರೆ ನೀನು ಕ್ಷಮಿಸಲೇಬೇಕು. ನಿನಗೆ ಬೇಡ ಅನ್ನೋಕೇ ಆಗಲ್ಲ. ಒಂದ್ಸಲ ನಿನ್ನ ಮಾತು ಕೇಳದೇ ಇಳಿಸಿದ್ದೆ. ಇನ್ನೊಂದ್ಸಲ ನಿನ್ನ ಬಾಯಿ ಕಟ್ಟಿ ಹೂಂ ಅನ್ನಿಸ್ಕೊಳ್ಳೋದಾ? ಅದಕ್ಕೇ ಬಿಸಾಕಿ ಹೋದೆ. ನಿನಗೆ ಬೈಯೋಕೆ ಜಾಗ ಇರ್ಲಿ ಅಂತ."

ಸೊಕ್ಕು ಎಂದು ಅವಳು ಇಷ್ಟು ದಿನ ಬೈದದ್ದು ಇದನ್ನೇ. ಕಣ್ಣು ತುಂಬಿ ಬಂತು. ಗಾಳಿಗೆ ಅದು ಕೆನ್ನೆಯ ಮೇಲೆ ತಣ್ಣಗಾಯಿತು.

"ಜೋರಾಗಿ ಮಾತಾಡ್ರೋ," ಎಂದರು ಬಂಡೆಯ ಹತ್ತಿರದಿಂದ ಟೀಚರಮ್ಮ. "ಗಾಳಿಗೆ ಅರ್ಧ ಕೇಳಿಸ್ತಿಲ್ಲ."

ಐಕಾಂದೆ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು. ಹನ್ನೊಂದು ಗಂಟೆ. ಕೆಳಗೆ ಮೋಡ ಸೇರತೊಡಗಿತ್ತು.

"ಏಳಿ ಟೀಚರ್. ಹೊತ್ತಾಯ್ತು."

---

ಅಂಚಿನ ಗುಂಟ ದಾರಿ ಸಲೀಸು, ಆದರೆ ಉಸಿರು ಸಾಲದು. ಅರ್ಧ ಗಂಟೆಯಾದ ಮೇಲೆ ಟೀಚರಮ್ಮ ನಿಂತುಬಿಟ್ಟರು.

"ಆಗಲ್ಲ ಮಗಳೇ. ಇಲ್ಲಿಂದಲೇ ಕಾಣ್ತಿದೆಯಲ್ಲ, ಸಾಕು."

ಅವಳು ಮತ್ತೆ ಅವರ ಕಣ್ಣು ನೋಡಿದಳು, ಬೆರಳು ನೋಡಿದಳು, ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ನಡೆಸಿದಳು. ಕಾಲು ತಪ್ಪಲಿಲ್ಲ. ಕಾಯಿಲೆಯಲ್ಲ, ಸುಸ್ತು.

"ಏಳರ ಮಗ್ಗಿ ಹೇಳಿ ಟೀಚರ್."

"ಏನು?"

"ಒಂದು ಹೆಜ್ಜೆಗೆ ಒಂದು ಸಾಲು. ಹತ್ತು ಸಾಲಾದ್ಮೇಲೆ ನಿಲ್ಲೋಣ. ತಪ್ಪಿದ್ರೆ ಮೊದಲಿಂದ."

ಟೀಚರಮ್ಮ ದುರುಗುಟ್ಟಿ ನೋಡಿದರು. ನಲವತ್ತು ವರ್ಷ ಮಕ್ಕಳಿಗೆ ಕೊಟ್ಟ ಶಿಕ್ಷೆ ತಮಗೇ ಬಂದಿತ್ತು. "ಏಳೊಂದ್ಲ ಏಳು," ಎಂದು ಕಾಲೆತ್ತಿಟ್ಟರು. ಏಳರದು ಮುಗಿದು ಎಂಟರದು ಬಂತು. ಒಂಬತ್ತರ ಮಗ್ಗಿಯಲ್ಲಿ ಹಿಂದಿನಿಂದ ರುವೈಚಿಯೂ ದನಿಗೂಡಿಸಿದ, ಅದೂ ತಪ್ಪುತಪ್ಪಾಗಿ. ಟೀಚರಮ್ಮ ಅವನನ್ನು ತಿದ್ದುವ ಸಿಟ್ಟಿನಲ್ಲೇ ಐವತ್ತು ಹೆಜ್ಜೆ ನಡೆದರು. ಬೇಕೆಂದೇ ತಪ್ಪು ಹೇಳುತ್ತಿದ್ದಾನೆ ಎಂದು ಐಕಾಂದೆಗೆ ಗೊತ್ತಾಯಿತು. ಅವಳ ಎದೆ ತುಂಬಿತು.

ಎಡಕ್ಕೆ ಹಿಮದ ಗೋಡೆ ಬಂತು, ನೀಲಿ ಬಿಳಿ. "ನಿಜವೇ ಹೇಳಿದೀನಿ ಮಕ್ಕಳಿಗೆ," ಎಂದು ಟೀಚರಮ್ಮ ಗೊಣಗಿದರು. ಆಮೇಲೆ ತುದಿಯ ಗುರುತಿಗೆ ನೆಟ್ಟ ಮರದ ಫಲಕ ಕಾಣಿಸಿತು. ಗಂಟೆ ಹನ್ನೆರಡು ನಲವತ್ತು.

ಫಲಕಕ್ಕೆ ಹತ್ತು ಹೆಜ್ಜೆ ಇರುವಾಗ ಐಕಾಂದೆ ಪಕ್ಕಕ್ಕೆ ನಿಂತಳು. ಯಾತ್ರಿಕರು ಮೊದಲು ಮುಟ್ಟುವುದು ಪದ್ಧತಿ.

"ಪದ್ಧತಿ ಗಿದ್ಧತಿ ನನಗೆ ಹೇಳ್ಬೇಡ," ಎಂದರು ಟೀಚರಮ್ಮ. "ನಡಿ ಮುಂದೆ."

ಅವಳು ನಡೆದಳು. ಹತ್ತು ಹೆಜ್ಜೆ, ಮಗ್ಗಿ ಇಲ್ಲದೆ. ಫಲಕದ ಮರಕ್ಕೆ ಅಂಗೈ ಒತ್ತಿದಳು. ಇನ್ನು ಮೇಲೆ ಹತ್ತಲು ಏನೂ ಉಳಿದಿರಲಿಲ್ಲ. ಇಡೀ ಆಫ್ರಿಕಾದಲ್ಲಿ ಅವಳಿಗಿಂತ ಎತ್ತರದ ಜಾಗದಲ್ಲಿ ಯಾರೂ ನಿಂತಿರಲಿಲ್ಲ.

"ನಾನು ಬಂದೆ!" ಎಂದು ಕೂಗಿದಳು. ಯಾರಿಗೆ ಎಂದು ಗೊತ್ತಿಲ್ಲ. ಬೆಟ್ಟಕ್ಕೆ, ಊರಿಗೆ, ಜಲ್ಲಿಯ ಮೇಲೆ ನಕ್ಕವರಿಗೆ. "ಐಕಾಂದೆ ಬಂದ್ಳು ಅಂತ ಹೇಳ್ರೋ ಎಲ್ರಿಗೂ!" ನಗುತ್ತಿದ್ದಳು, ಮೂಗಿನಲ್ಲಿ ನೀರು ಸುರಿಯುತ್ತಿತ್ತು, ಟೀಚರಮ್ಮನನ್ನು ಅಪ್ಪಿ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಇಷ್ಟು ಸಂತೋಷ ತನ್ನೊಳಗೆ ಹಿಡಿಸುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ರುವೈಚಿ ದೂರ ನಿಂತಿದ್ದ. ಫೋಟೋಗೂ ಬರಲಿಲ್ಲ. ಅವನ ಮುಖದ ತುಂಬ ಅವಳ ಸಂತೋಷವೇ ಇತ್ತು. ತನಗಾಗಿ ಏನನ್ನೂ ಕೇಳುವ ಹಾಗೆ ಅವನು ಕಾಣಲಿಲ್ಲ.

ಅವಳೇ ಅವನ ಹತ್ತಿರ ಹೋದಳು.

"ಕ್ಷಮಿಸೋಕೆ ಬಲವಂತ ಇಲ್ಲ ಅಂದ್ಯಲ್ಲ?"

"ಇಲ್ಲ."

"ಬೇಡ ಅನ್ನಬಹುದು?"

"ಅನ್ನಬಹುದು."

"ಹಾಗಾದ್ರೆ ಕ್ಷಮಿಸಲ್ಲ."

ಅವನು ತಲೆ ತಗ್ಗಿಸಿದ. "ಸರಿ," ಎಂದ.

"ಇನ್ನೂ ಮುಗಿದಿಲ್ಲ, ಕೇಳು. ಆ ದಿನ ನಾನು ಮರೆಯೋದೂ ಇಲ್ಲ, ಬಿಡೋದೂ ಇಲ್ಲ. ಊಟಕ್ಕೆ ಕೂತಾಗ ಎತ್ತಾಡ್ತೀನಿ. ನಿನ್ನ ನೆಂಟರ ಮುಂದೆ ಎತ್ತಾಡ್ತೀನಿ. ಮಕ್ಕಳಿಗೆ ಕಥೆ ಮಾಡಿ ಹೇಳ್ತೀನಿ, ನಿಮ್ಮಪ್ಪ ಎಂಥ ಪೆದ್ದ ಅಂತ. ಇಷ್ಟೆಲ್ಲ ಆಗ್ಬೇಕಂದ್ರೆ ನೀನು ಸಾಯೋವರೆಗೂ ನನ್ನ ಕಣ್ಣೆದುರಿಗೇ ಇರಬೇಕು. ಇರ್ತೀಯಾ?"

ಅವನು ತಲೆ ಎತ್ತಿದ.

"ಅವಳು ಕೇಳ್ತಿದಾಳೆ, ಉತ್ತರ ಕೊಡೋ," ಎಂದರು ಟೀಚರಮ್ಮ. "ಕ್ಲಾಸಲ್ಲೂ ಹೀಗೇ ಕಂಬದ ಹಾಗೆ ನಿಲ್ತಿದ್ದ."

"ಇರ್ತೀನಿ," ಎಂದ ರುವೈಚಿ. ಗಟ್ಟಿಯಾಗಿ, ಗಾಳಿಗೂ ಕೇಳಿಸುವ ಹಾಗೆ. "ಭಾನುವಾರ ದೊಡ್ಡಪ್ಪನ್ನ ಕರ್ಕೊಂಡು ಬರ್ತೀನಿ."

ಅವನು ಗ್ಲೌಸ್ ಕಳಚಿ ಅವಳ ಎರಡೂ ಕೈ ಹಿಡಿದುಕೊಂಡ. ಈ ಸಲ ಟೀಚರಮ್ಮ ನೋಡುತ್ತಿದ್ದರೂ ನಾಚಲಿಲ್ಲ. ಅವಳು ಅವನ ಎದೆಗೆ ಕಿವಿ ಇಟ್ಟಳು, ಸ್ವಲ್ಪ ಹೊತ್ತು, ಕೇಳಬೇಕಾದ್ದು ಪೂರ್ತಿ ಕೇಳುವವರೆಗೆ.

ಮೋಡ ಅಂಚಿನ ಹತ್ತಿರ ಬಂದಿತ್ತು. ಐಕಾಂದೆ ಕೈ ಬಿಡಿಸಿಕೊಂಡು ಟೋಪಿ ಸರಿ ಮಾಡಿಕೊಂಡಳು. ಅರ್ಧ ಕೆಲಸ ಇನ್ನೂ ಬಾಕಿ ಇತ್ತು.

"ಸಾಕು, ಇಳೀರಿ ಇಬ್ರೂ," ಎಂದಳು. "ನಿಧಾನ. ನನ್ನ ಹಿಂದೆ."

ಇಬ್ಬರೂ ಅವಳ ಮಾತು ಕೇಳಿದರು.